ಸಂಸದೆಯ ಪೆಟ್ಟಿಗೆಯಲ್ಲಿದ್ದ ಪುಸ್ತಕ

ಕೆಲವು ವರ್ಷಗಳ ಹಿಂದೆ ತಾಲೂಕು ಕೇಂದ್ರವೊಂದರ ಉರ್ದು ಶಾಲೆಯ ಕಾರ್ಯಕ್ರಮಕ್ಕೆ ನಾವು ಅತಿಥಿಯಾಗಿ ಹೋಗಿದ್ದೆವು. ಗೋಡೆಯ ಮೇಲೆ ಹೆಣ್ಣುಮಕ್ಕಳು ಡ್ರಾಯಿಂಗ್ ಶೀಟುಗಳಲ್ಲಿ ‘ನಮ್ಮ ಆದರ್ಶ ಮಹಿಳೆಯರು’ ಎಂದು ಬರೆದು ಅಂಟಿಸಿದ್ದರು. ರಜಿಯಾ ಸುಲ್ತಾನ, ಬೇಗಂ ಹಜ್ರತ್ ಮಹಲ್, ಬೀ ಅಮ್ಮಾ. ಕೊನೆಯ ಸಾಲಿನಲ್ಲಿ ‘ಬೇಗಂ ಅನೀಸ್ ಕಿದ್ವಾಯಿ, ರಾಜ್ಯಸಭಾ ಸದಸ್ಯೆ, 1956ರಿಂದ 1968, ಸಮಾಜ ಸೇವಕಿ’ ಎಂದಿತ್ತು. ಫೋಟೋ ಸಿಕ್ಕಿರಲಿಲ್ಲವೇನೋ, ಆ ಜಾಗದಲ್ಲಿ ಯಾವುದೋ ಮಗು ಗುಲಾಬಿ ಹೂವೊಂದನ್ನು ಬಿಡಿಸಿತ್ತು. ಪ್ರತಿಯೊಬ್ಬರ ಬಗ್ಗೆಯೂ ಎರಡು ಮಾತು ಹೇಳಬೇಕೆಂದು ಟೀಚರ್ ಕೇಳಿಕೊಂಡರು. ನಾವು ಹೇಳಿದೆವು. ಅನೀಸ್ ಕಿದ್ವಾಯಿ ಅವರ ಸರದಿ ಬಂದಾಗ ಶೀಟಿನಲ್ಲಿದ್ದುದನ್ನೇ ಓದಿ ಮುಂದಕ್ಕೆ ಹೋದೆವು. ಆ ಸಭೆಯಲ್ಲಿ ಅವರ ಪುಸ್ತಕವನ್ನು ಓದಿದ್ದವರು ಬಹುಶಃ ನಾವೊಬ್ಬರೇ. ಆದರೂ ಆ ಮಕ್ಕಳೆದುರು ಪುಸ್ತಕದ ಮಾತೆತ್ತುವ ಧೈರ್ಯವಾಗಲಿಲ್ಲ. ಈ ಬರಹಕ್ಕೆ ಆ ದಿನದ ಹಿಂಜರಿಕೆಯೇ ಕಾರಣ.

ಹುದ್ದೆಗಳ ಪಟ್ಟಿಯನ್ನೇ ಸೇವೆಯೆಂದು ತಿಳಿಯುವ ಅಭ್ಯಾಸ ಶಾಲೆಯ ಮಕ್ಕಳದ್ದು ಮಾತ್ರವಲ್ಲ. ನಮ್ಮ ಪತ್ರಿಕೆಗಳ ವಿಶೇಷಾಂಕಗಳೂ ಇದನ್ನೇ ಮಾಡುತ್ತ ಬಂದಿವೆ. ಇದಕ್ಕೊಂದು ಕಾರಣವೂ ಇದೆ. ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಮುಸ್ಲಿಂ ಮಹಿಳೆಯರನ್ನು ಹುಡುಕಿ ಹುಡುಕಿ ಎಣಿಸಬೇಕು. 1957ರಲ್ಲಿ ಅಸ್ಸಾಮಿನ ಜೋರ್ಹಾಟ್‌ನಿಂದ ಮೊಫಿದಾ ಅಹ್ಮದ್ ಲೋಕಸಭೆಗೆ ಆಯ್ಕೆಯಾದರು. ನಮ್ಮ ಕರ್ನಾಟಕವಂತೂ 2024ರ ಚುನಾವಣೆಯವರೆಗೂ ಒಬ್ಬ ಮುಸ್ಲಿಂ ಮಹಿಳೆಯನ್ನೂ ಲೋಕಸಭೆಗೆ ಕಳಿಸಿಲ್ಲ. ಹೀಗಿರುವಾಗ ಒಂದು ಹೆಸರು ಸಿಕ್ಕಿದೊಡನೆ ಹಾರ ಹಾಕಿ ಗೋಡೆಗೆ ತೂಗುಹಾಕುವುದು ಸಹಜ. ಆದರೆ ಹಾರ ಹಾಕಿಸಿಕೊಂಡವರ ಪುಸ್ತಕವನ್ನು ಯಾರೂ ಬಿಚ್ಚುವುದಿಲ್ಲ.

ಅನೀಸ್ ಕಿದ್ವಾಯಿ ಹುಟ್ಟಿದ್ದು 1906ರಲ್ಲಿ, ಅವಧ್ ಸೀಮೆಯ ಬಾರಾಬಂಕಿಯ ಕಿದ್ವಾಯಿ ಮನೆತನದಲ್ಲಿ. ತಂದೆ ವಿಲಾಯತ್ ಅಲಿ ವಕೀಲರು. ಮೌಲಾನಾ ಮುಹಮ್ಮದ್ ಅಲಿಯವರ ‘ಕಾಮ್ರೇಡ್’ ಪತ್ರಿಕೆಯಲ್ಲಿ ‘ಬಂಬೂಕ್’ ಎಂಬ ಹೆಸರಿನಲ್ಲಿ ಹಾಸ್ಯ ಬರೆಯುತ್ತಿದ್ದವರು. ಮಗಳು ಕಲಿತದ್ದು ಮನೆಯಲ್ಲೇ. ಮದುವೆಯಾದದ್ದು ಶಫಿ ಅಹ್ಮದ್ ಕಿದ್ವಾಯಿ ಅವರನ್ನು. ನೆಹರೂ ಸಂಪುಟದಲ್ಲಿ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ತಮ್ಮ. 1947ರಲ್ಲಿ ಶಫಿ ಸಾಹೇಬರು ಮಸ್ಸೂರಿ ನಗರಸಭೆಯ ಆಡಳಿತಾಧಿಕಾರಿಯಾಗಿದ್ದರು. ಊರಿನಲ್ಲಿ ಮುಸ್ಲಿಮರ ಮೇಲೆ ದಾಳಿಗಳು ನಡೆಯುತ್ತಿದ್ದವು. ಅಲ್ಲಿಂದ ಹೊರಡಿ ಎಂದು ಬಂಧುಬಳಗ ಎಷ್ಟು ಹೇಳಿದರೂ ಅವರು ಹುದ್ದೆ ಬಿಟ್ಟು ಕದಲಲಿಲ್ಲ. ಆ ಅಕ್ಟೋಬರಿನಲ್ಲಿ ಅವರ ಕೊಲೆಯಾಯಿತು.

ಅನೀಸ್ ಆಗ ನಲವತ್ತರ ಆಸುಪಾಸಿನ ಹೆಂಗಸು. ದೆಹಲಿಗೆ ಬಂದು ಗಾಂಧೀಜಿಯ ಎದುರು ನಿಂತರು. ಗಾಂಧೀಜಿ ಅವರಿಗೆ ಕೆಲಸ ಕೊಟ್ಟರು. ಮೃದುಲಾ ಸಾರಾಭಾಯಿ ಅವರ ಜೊತೆ ಸೇರಿ ನಿರಾಶ್ರಿತರ ಶಿಬಿರಗಳಿಗೆ ಹೋಗಬೇಕೆಂಬುದು ಆ ಕೆಲಸ. ಪುರಾನಾ ಕಿಲಾ ಮತ್ತು ಹುಮಾಯೂನನ ಗೋರಿಯ ಸುತ್ತ ದೆಹಲಿಯ ಹತ್ತಾರು ಸಾವಿರ ಮುಸ್ಲಿಮರು ತುಂಬಿಕೊಂಡಿದ್ದ ಕಾಲವದು. ಸ್ವಂತ ಊರಿನಲ್ಲೇ ನಿರಾಶ್ರಿತರಾಗಿ, ಪಾಕಿಸ್ತಾನದ ರೈಲಿಗೆ ಕಾಯುತ್ತ ಕುಳಿತವರು. ಹೋಗಬೇಕೋ ಇರಬೇಕೋ ಎಂದು ಹಲವರಿಗೆ ತೀರ್ಮಾನವೇ ಆಗಿರಲಿಲ್ಲ. ನೀರಿಲ್ಲ, ಕಂಬಳಿಯಿಲ್ಲ, ಔಷಧಿಯಿಲ್ಲ, ಸತ್ತವರಿಗೆ ಕಫನ್ ಬಟ್ಟೆಯೂ ಸಾಲದು. ಗಂಡನನ್ನು ಮಣ್ಣುಮಾಡಿ ಕೆಲವೇ ದಿನಗಳಾಗಿದ್ದ ಹೆಂಗಸು ಈ ಡೇರೆಗಳ ನಡುವೆ ಓಡಾಡಿದರು. ಇದ್ದತ್ತಿನ ಅವಧಿ ಮನೆಯೊಳಗೆ ಕಳೆಯಬೇಕಾದ ವಿಧವೆ ಹೀಗೆ ಹೊರಗೆ ನಿಂತದ್ದನ್ನು ಆಗ ಯಾರಾದರೂ ಆಕ್ಷೇಪಿಸಿದರೋ ಏನೋ. ಇಂದಿನ ನಮ್ಮ ಊರುಗಳಾದರೆ ಆಕ್ಷೇಪಿಸುವವರಿಗೆ ಬರವಿರುತ್ತಿರಲಿಲ್ಲ.

ಈ ದಿನಗಳ ಕಥನವೇ ‘ಆಜಾದೀ ಕೀ ಛಾಂವ್ ಮೇಂ’. ಹೆಸರಿನ ಬಗ್ಗೆಯೇ ಒಂದು ಮಾತು. ಉರ್ದುವಿನಲ್ಲಿ ‘ಛಾಂವ್’ ಎಂದರೆ ಬಿಸಿಲಲ್ಲಿ ನಡೆದು ಬಂದವನಿಗೆ ಮರ ಕೊಡುವ ತಂಪು. ಬೆನ್ನಟ್ಟಿ ಬರುವ ಕಪ್ಪು ನೆರಳಿಗೆ ಬೇರೆ ಶಬ್ದಗಳಿವೆ. ಲೇಖಕಿ ಆರಿಸಿಕೊಂಡದ್ದು ತಂಪಿನ ಶಬ್ದವನ್ನು. ಒಳಗೆ ತುಂಬಿರುವುದೆಲ್ಲ ಉರಿ. ಕನ್ನಡದ ‘ನೆರಳು’ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಇಲ್ಲಿ ನಮ್ಮ ಭಾಷೆಗೆ ಉರ್ದುವಿಗಿಂತ ಕೈ ಸ್ವಲ್ಪ ಮೇಲೆ ಎಂದು ನಮಗೆ ಅನಿಸಿದೆ. ಉರ್ದು ಅಭಿಮಾನಿಗಳು ಕ್ಷಮಿಸಬೇಕು.

ಗಂಡನ ಕೊಲೆಯ ಸಂಗತಿ ಪುಸ್ತಕದ ಆರಂಭದ ಭಾಗದಲ್ಲೇ ಮುಗಿಯುತ್ತದೆ. ಇನ್ನೊಬ್ಬರಾಗಿದ್ದರೆ ಇಡೀ ಪುಸ್ತಕ ಆ ದುಃಖದ ಸುತ್ತ ತಿರುಗುತ್ತಿತ್ತು. ಇವರು ಅದನ್ನು ಹೇಳಿ ಶಿಬಿರದೊಳಗೆ ಹೋಗಿಬಿಡುತ್ತಾರೆ. ಆಮೇಲೆ ಸಾವಿರಾರು ಜನರ ದುಃಖದ ನಡುವೆ ಅದು ಅಲ್ಲೊಂದು ಇಲ್ಲೊಂದು ಕಡೆ ಇಣುಕುತ್ತದೆ ಅಷ್ಟೆ. ಕೊಂದವರ ಧರ್ಮದ ಮೇಲೆ ಅವರಿಗೆ ಹಗೆಯಿಲ್ಲ. ತಮ್ಮ ಸಮುದಾಯದ ನಾಯಕರನ್ನೂ ಅವರು ಬಿಡುವುದಿಲ್ಲ. ಜನರನ್ನು ಕೆರಳಿಸಿ, ಆಮೇಲೆ ಬಡವರನ್ನು ಡೇರೆಗಳಲ್ಲಿ ಬಿಟ್ಟು ಹೊರಟವರ ಬಗ್ಗೆ ಅವರ ಮಾತು ಖಾರವಾಗಿಯೇ ಇದೆ.

ಪುಸ್ತಕದ ನಿಜವಾದ ಭಾರ ಇರುವುದು ಅಪಹೃತ ಹೆಂಗಸರ ಅಧ್ಯಾಯಗಳಲ್ಲಿ. 1947ರ ಡಿಸೆಂಬರಿನಲ್ಲಿ ಎರಡೂ ದೇಶಗಳು ಒಂದು ಒಪ್ಪಂದಕ್ಕೆ ಬಂದವು. ಗಲಭೆಯಲ್ಲಿ ಎಳೆದೊಯ್ದ ಹೆಂಗಸರನ್ನು ಹುಡುಕಿ ಅವರವರ ದೇಶಕ್ಕೆ, ಕುಟುಂಬಕ್ಕೆ ಮರಳಿಸುವುದೆಂದು ತೀರ್ಮಾನವಾಯಿತು. ಆಗಿನ ಸರ್ಕಾರಿ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 50,000 ಮುಸ್ಲಿಂ ಹೆಂಗಸರು, ಪಾಕಿಸ್ತಾನದಲ್ಲಿ ಸುಮಾರು 33,000 ಹಿಂದೂ ಮತ್ತು ಸಿಖ್ ಹೆಂಗಸರು ಹೀಗೆ ಕಾಣೆಯಾಗಿದ್ದರು. ಮೃದುಲಾ ಸಾರಾಭಾಯಿ ಈ ಕೆಲಸದ ಮುಂದಾಳು. ಅನೀಸ್ ಅವರ ತಂಡದಲ್ಲಿದ್ದರು. ಪೊಲೀಸರೊಂದಿಗೆ ಹಳ್ಳಿಗಳಿಗೆ ಹೋಗುವುದು, ಮನೆ ಪತ್ತೆ ಮಾಡುವುದು, ಹುಡುಗಿಯನ್ನು ಕರೆತಂದು ಶಿಬಿರದಲ್ಲಿಡುವುದು. ಕಾಪಾಡಬೇಕಾದ ಪೊಲೀಸರು ಮತ್ತು ಸೈನಿಕರಲ್ಲೇ ಕೆಲವರು ಹುಡುಗಿಯರನ್ನು ಹೇಗೆ ತಮ್ಮತಮ್ಮಲ್ಲಿ ಹಂಚಿಕೊಂಡರು ಎಂಬುದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ.

ಅದಕ್ಕಿಂತಲೂ ಕಷ್ಟದ ಸಂಗತಿ ಮುಂದೆ ಬರುತ್ತದೆ. ಪತ್ತೆಯಾದ ಹುಡುಗಿಯರಲ್ಲಿ ಹಲವರು ‘ನಾವು ಬರುವುದಿಲ್ಲ’ ಎಂದರು. ಅತ್ತರು, ಜಗಳ ಮಾಡಿದರು, ಬಿಡಿಸಲು ಬಂದವರನ್ನೇ ಬೈದರು. ಇದನ್ನು ಅನೀಸ್ ದಾಖಲಿಸಿ ಸುಮ್ಮನಾಗುವುದಿಲ್ಲ, ಯಾಕೆ ಹೀಗೆ ಎಂದು ಆ ಹುಡುಗಿಯ ಜಾಗದಲ್ಲಿ ನಿಂತು ಯೋಚಿಸುತ್ತಾರೆ. ಕಣ್ಣೆದುರೇ ಮನೆಯವರು ಸತ್ತಿದ್ದಾರೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದಿದ್ದಾಳೆ. ಕೊನೆಗೆ ಯಾರೋ ಒಬ್ಬ ಮೈಮೇಲೆ ಬಟ್ಟೆ ಹೊದಿಸಿ ತನ್ನ ಮನೆಗೆ ಕರೆತಂದು ಅನ್ನ ಹಾಕಿದ್ದಾನೆ. ಅವನು ಅವಳಿಗೆ ದೇವರಂತೆ ಕಂಡರೆ ತಪ್ಪೇನು? ಈಗ ಪೊಲೀಸರು ಬಾಗಿಲಿಗೆ ಬಂದು ‘ನಡಿ, ನಿನ್ನ ಮನೆಗೆ ಹೋಗೋಣ’ ಎನ್ನುತ್ತಾರೆ. ಯಾವ ಮನೆ? ಅಲ್ಲಿ ಇರುವವರು ಯಾರು? ಇದ್ದರೂ ಯಾವ ಮುಖ ಹೊತ್ತು ಅವರೆದುರು ನಿಲ್ಲಬೇಕು?

ನಮ್ಮಲ್ಲಿ ಒಂದು ಸುಖದ ನಂಬಿಕೆಯಿದೆ. ‘ನಮ್ಮ ಸಮಾಜ ಕಳಂಕ ಎಣಿಸದೆ ಹೆಣ್ಣುಮಕ್ಕಳನ್ನು ವಾಪಸು ಕರೆದುಕೊಂಡಿತು, ಬೇರೆಯವರು ಹಾಗೆ ಮಾಡಲಿಲ್ಲ’ ಎಂದು ಹಿರಿಯರು ಹೇಳುವುದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಕರೆದುಕೊಂಡವರು ಇದ್ದಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಈ ಪುಸ್ತಕದ ಹುಡುಗಿಯರು ಹೆದರುವುದು ಶತ್ರುವಿನ ಮನೆಗಲ್ಲ, ಸ್ವಂತ ಮನೆಯ ಹೊಸ್ತಿಲಿಗೆ. ಆ ಹೆದರಿಕೆ ಎಲ್ಲಿಂದ ಬಂತೆಂದು ಕೇಳಿಕೊಳ್ಳದೆ ಈ ಪುಸ್ತಕವನ್ನು ಹೊಗಳುವುದು ಸುಲಭವಲ್ಲ. ಆ ದಿನ ಶಾಲೆಯಲ್ಲಿ ನಾವು ಬಾಯಿ ಬಿಡದೆ ಮುಂದಕ್ಕೆ ಹೋದದ್ದೂ ಇದೇ ಕಾರಣಕ್ಕೆ.

ಇಷ್ಟೆಲ್ಲ ಕಂಡಮೇಲೂ ಅನೀಸ್ ಆ ಕೆಲಸ ಬಿಡಲಿಲ್ಲ. ಇಲ್ಲಿ ಓದುಗರು ತುಸು ನಿಲ್ಲಬೇಕು. ಒಲ್ಲೆ ಎನ್ನುವ ಹುಡುಗಿಯನ್ನು ಜೀಪಿಗೆ ಹತ್ತಿಸುವವರ ಜೊತೆ ಇದ್ದವರು ಅವರು. ಬಲವಂತದ ಸಂಸಾರವನ್ನು ಸಂಸಾರವೆಂದು ಒಪ್ಪಲಾಗದು ಎಂಬುದು ಅವರ ಒಂದು ಮನಸ್ಸು. ಈಗ ಎಳೆದೊಯ್ಯುವುದೂ ಇನ್ನೊಂದು ಬಲವಂತವೇ ಅಲ್ಲವೇ ಎಂಬುದು ಇನ್ನೊಂದು ಮನಸ್ಸು. ಎರಡೂ ಒಂದೇ ಪುಟದಲ್ಲಿ ಬರುತ್ತವೆ, ತೀರ್ಪು ಬರುವುದಿಲ್ಲ. ಇದನ್ನು ಕೆಲವರು ಗೊಂದಲ ಎಂದಾರು. ನಮಗೆ ಇದು ಪುಸ್ತಕದ ಪ್ರಾಮಾಣಿಕತೆಯಾಗಿ ಕಾಣುತ್ತದೆ. ತಾನು ಮಾಡಿದ ಪುಣ್ಯದ ಕೆಲಸದ ವಿರುದ್ಧ ತಾನೇ ಸಾಕ್ಷಿ ಹೇಳುವ ಸಮಾಜ ಸೇವಕರು ಎಷ್ಟು ಮಂದಿ ಇದ್ದಾರೆ? ನಮ್ಮ ಕಾಲದ ಸನ್ಮಾನ ಗ್ರಂಥಗಳನ್ನು ತಿರುವಿದವರಿಗೆ ಉತ್ತರ ಗೊತ್ತು.

ಅವರು ಹಿಂಜರಿದಲ್ಲಿ ಸರ್ಕಾರ ಹಿಂಜರಿಯಲಿಲ್ಲ. 1949ರ ಡಿಸೆಂಬರಿನಲ್ಲಿ ಅಪಹೃತರ ಪತ್ತೆ ಮತ್ತು ಮರಳಿಸುವಿಕೆಯ ಕಾಯ್ದೆ ಬಂತು. 1947ರ ಮಾರ್ಚ್ 1ಕ್ಕೆ ಮೊದಲು ಮುಸ್ಲಿಮಳಾಗಿದ್ದು, ಆ ದಿನದಿಂದ 1949ರ ಜನವರಿ 1ರೊಳಗೆ ಕುಟುಂಬದಿಂದ ಬೇರ್ಪಟ್ಟು, ಮುಸ್ಲಿಮೇತರರ ಮನೆಯಲ್ಲಿ ಸಿಕ್ಕ ಹೆಂಗಸು ಅಪಹೃತಳು. ಗಂಡಾದರೆ ಹದಿನಾರು ವರ್ಷದೊಳಗಿನವನಿಗೆ ಮಾತ್ರ ಈ ಮಾತು ಅನ್ವಯ. ಹೆಣ್ಣಾದರೆ ಹದಿನಾರೂ ಒಂದೇ, ಅರವತ್ತೂ ಒಂದೇ. ಅವಳಿಗೆ ಹುಟ್ಟಿದ ಮಗುವೂ ಅಪಹೃತರ ಲೆಕ್ಕಕ್ಕೆ. ಅವಳೇನು ಬಯಸುತ್ತಾಳೆಂದು ಕೇಳಲೇಬೇಕೆಂಬ ನಿಯಮ ಆ ಕಾಯ್ದೆಯಲ್ಲಿರಲಿಲ್ಲ. ತಕರಾರು ಬಂದರೆ ಟ್ರಿಬ್ಯೂನಲ್ ತೀರ್ಮಾನಿಸುತ್ತಿತ್ತು. 1952ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1957ರವರೆಗೂ ಅದು ಜಾರಿಯಲ್ಲಿತ್ತು.

ಕಥೆ ಬರೆಯುವವರಾದ ನಮಗೆ ಇಲ್ಲಿ ಮಂಟೋ ಮತ್ತು ಬೇಡಿ ನೆನಪಾಗದೆ ಇರುವುದಿಲ್ಲ. ಮಂಟೋ ಅವರ ‘ಖೋಲ್ ದೋ’ ಕಥೆಯಲ್ಲಿ ಹುಡುಗಿಯನ್ನು ಹುಡುಕಿ ತರಲು ಹೋದ ಸ್ವಯಂಸೇವಕರೇ ಅವಳನ್ನು ಕೆಡಿಸುತ್ತಾರೆ. ರಾಜಿಂದರ್ ಸಿಂಗ್ ಬೇಡಿಯವರ ‘ಲಾಜವಂತಿ’ಯಲ್ಲಿ ಮರಳಿ ಬಂದ ಹೆಂಡತಿಯನ್ನು ಗಂಡ ದೇವಿಯೆಂದು ಕರೆದು ಪೂಜಿಸುತ್ತಾನೆ, ಅವಳ ಮಾತು ಕೇಳಲು ಮಾತ್ರ ತಯಾರಿಲ್ಲ. ಎರಡೂ ದೊಡ್ಡ ಕಥೆಗಳು. ಆದರೆ ಕಥೆಗಾರನಿಗೆ ಒಂದು ಅನುಕೂಲವಿದೆ. ತಕ್ಕ ಸ್ಥಳದಲ್ಲಿ ನಿಲ್ಲಿಸಿ ಪೆನ್ನು ಮುಚ್ಚಬಹುದು. ಅನೀಸ್ ಮರುದಿನ ಬೆಳಿಗ್ಗೆ ಅದೇ ಶಿಬಿರಕ್ಕೆ ಹೋಗಿ ಅದೇ ಹುಡುಗಿಗೆ ಒಗೆದ ಸಲ್ವಾರು ಹುಡುಕಿಕೊಡಬೇಕಿತ್ತು. ಅದಕ್ಕೇ ಅವರ ಬರವಣಿಗೆಯಲ್ಲಿ ಕಥೆಯ ಬಿಗಿ ಇಲ್ಲ. ಒಂದು ಘಟನೆ ಅರ್ಧಕ್ಕೆ ನಿಲ್ಲುತ್ತದೆ, ಇನ್ನೊಂದು ನುಗ್ಗುತ್ತದೆ. ಮೊದಲ ಓದಿನಲ್ಲಿ ಇದು ನಮಗೆ ದೋಷವಾಗಿ ಕಂಡಿತ್ತು. ಎರಡನೆಯ ಸಲ ಓದಿದಾಗ ಹಾಗನಿಸಲಿಲ್ಲ.

ನಿಜವಾದ ದೋಷಗಳೂ ಇವೆ, ಹೇಳಲೇಬೇಕು. ಅನೀಸ್ ಅವಧ್‌ನ ಶರೀಫ್ ಮನೆತನದ ಹೆಂಗಸು. ಹಳ್ಳಿಯ ಮೇವ್ ಹೆಂಗಸರನ್ನೂ ಕೂಲಿಕಾರರ ಹೆಣ್ಣುಮಕ್ಕಳನ್ನೂ ನೋಡುವಾಗ ಅವರ ಕಣ್ಣಲ್ಲಿ ಕರುಣೆಯ ಜೊತೆಗೇ ಹವೇಲಿಯ ಎತ್ತರವೂ ಇದೆ. ಆ ಹುಡುಗಿಯರ ಮನಸ್ಸನ್ನು ಅವರು ಊಹಿಸಿ ಹೇಳುತ್ತಾರೆ, ಹುಡುಗಿಯರೇ ಮಾತಾಡುವ ಸಂದರ್ಭಗಳು ಕಡಿಮೆ. ಮೇಲೆ ನಾವು ಹೊಗಳಿದ ಭಾಗಕ್ಕೂ ಈ ಮಾತು ಸಲ್ಲುತ್ತದೆ. ನೆಹರೂ, ಗಾಂಧಿಯ ಮೇಲಿನ ಭಕ್ತಿಯಿಂದಾಗಿ ಕೆಳಗಿನ ಅಧಿಕಾರಿಯ ತಪ್ಪು ದೊಡ್ಡದಾಗಿ ಕಾಣುವಷ್ಟು ಮೇಲಿನ ನೀತಿಯ ತಪ್ಪು ಕಾಣುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತಕರಾರು ಪುಸ್ತಕದ ಹೊರಗಿದೆ. ಅನೀಸ್ ಇದನ್ನು ಬರೆದದ್ದು ಆ ಘಟನೆಗಳ ಬೆನ್ನಿಗೇ, 1949ರ ಹೊತ್ತಿಗೆ. ಅಚ್ಚಾದದ್ದು 1974ರಲ್ಲಿ. ನಡುವೆ ಇಪ್ಪತ್ತೈದು ವರ್ಷ. ಅದರಲ್ಲಿ ಹನ್ನೆರಡು ವರ್ಷ ಅವರು ಉತ್ತರ ಪ್ರದೇಶದಿಂದ ರಾಜ್ಯಸಭೆಯ ಸದಸ್ಯೆ. 1956ರಲ್ಲಿ ಅವರು ಸದನಕ್ಕೆ ಬಂದಾಗ ಆ ಕಾಯ್ದೆಗೆ ಇನ್ನೂ ಜೀವವಿತ್ತು. ಒಲ್ಲೆ ಎಂದ ಹುಡುಗಿಯರನ್ನು ಕಣ್ಣಾರೆ ಕಂಡವರು, ಕಂಡದ್ದನ್ನು ಬರೆದವರು ಸದನದೊಳಗೆ ಕುಳಿತಿದ್ದಾರೆ, ಬರೆದದ್ದು ಮನೆಯ ಪೆಟ್ಟಿಗೆಯಲ್ಲಿದೆ. ಈ ಚಿತ್ರ ನಮ್ಮನ್ನು ಕಾಡುತ್ತದೆ.

ಸಮರ್ಥನೆ ಕೊಡಬಹುದು. ಆ ಕಾಲದಲ್ಲಿ ಭಾರತದಲ್ಲೇ ಉಳಿದ ಮುಸ್ಲಿಮರು ಉಸಿರು ಬಿಗಿಹಿಡಿದು ಬದುಕುತ್ತಿದ್ದರು. ಒಬ್ಬ ಮುಸ್ಲಿಂ ಹೆಂಗಸು, ಅದರಲ್ಲೂ ಆಡಳಿತ ಪಕ್ಷದವರು, ಪೊಲೀಸರು ಮತ್ತು ಸೈನಿಕರು ಮಾಡಿದ್ದನ್ನು ಅಚ್ಚು ಹಾಕಿಸಿದ್ದರೆ ಗಾಯ ಕೆರೆದಂತಾಗುತ್ತಿತ್ತೆಂದು ಸ್ನೇಹಿತರೇ ಹೇಳಿರಬಹುದು. ಮರಳಿ ಸಂಸಾರ ಹೂಡಿದ ಹುಡುಗಿಯರ ಮಾನದ ಪ್ರಶ್ನೆಯೂ ಇತ್ತು. ಇವೆಲ್ಲ ನಮ್ಮ ಊಹೆ. ಊಹೆ ನಿಜವಾದರೂ ಸಂಸದೆಯ ಮೌನಕ್ಕೆ ನಾವು ಪೂರ್ತಿ ಮಾಫಿ ಕೊಡಲಾರೆವು. ಸದನದಲ್ಲಿ ಕುಳಿತವರಿಗೆ ಬರಹಗಾರರಿಗಿಂತ ಹೆಚ್ಚಿನ ಕರ್ತವ್ಯವಿದೆ.

ಪುಸ್ತಕವನ್ನು ಕೊನೆಗೆ ಹೊರತಂದದ್ದು ಕೌಮಿ ಏಕ್ತಾ ಟ್ರಸ್ಟ್. ಅದರ ಹಿಂದೆ ಇದ್ದವರು ಸುಭದ್ರಾ ಜೋಶಿ. ಅವರೂ ಸಂಸದೆ, 1962ರಲ್ಲಿ ಬಲರಾಂಪುರದಲ್ಲಿ ವಾಜಪೇಯಿ ಅವರನ್ನು ಸೋಲಿಸಿದವರು. 1947ರ ದೆಹಲಿಯಲ್ಲಿ ಇವರಿಬ್ಬರೂ ಶಾಂತಿದಳದಲ್ಲಿ ಜೊತೆಯಾಗಿ ದುಡಿದಿದ್ದರು. ಖಾಲಿಯಾದ ಮುಸ್ಲಿಂ ಮನೆಗಳನ್ನು ದೊಂಬಿಯವರು ಆಕ್ರಮಿಸದಂತೆ ಗಲ್ಲಿಗಳಲ್ಲಿ ಕಾವಲು ಕಾಯುವ ಕೆಲಸ ಆ ದಳದ್ದಾಗಿತ್ತು. ಒಬ್ಬ ಹಿಂದೂ ಸ್ನೇಹಿತೆಯ ಆಸರೆಯಲ್ಲಿ ಆ ಹಸ್ತಪ್ರತಿ ಪೆಟ್ಟಿಗೆಯಿಂದ ಹೊರಗೆ ಬಂತು. ನಮ್ಮ ಸಂಸ್ಥೆಗಳು ಎಲ್ಲಿದ್ದವು ಎಂದು ಕೇಳಬೇಡಿ.

ರಾಜ್ಯಸಭೆಯ ಆ ಹನ್ನೆರಡು ವರ್ಷ ಬರಿದಾಗಿ ಕಳೆಯಿತೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಹೆಣ್ಣಿನ ಬದುಕಿಗೆ ಸಂಬಂಧಿಸಿದ ಹಲವು ಕಾಯ್ದೆಗಳು ಬಂದದ್ದು ಆಗಲೇ. 1961ರ ಮೇ ತಿಂಗಳಲ್ಲಿ ವರದಕ್ಷಿಣೆ ನಿಷೇಧ ಮಸೂದೆಗಾಗಿ ಎರಡೂ ಸದನಗಳು ಮೊದಲ ಬಾರಿಗೆ ಜಂಟಿಯಾಗಿ ಕೂಡಿದಾಗ ಅನೀಸ್ ಸದಸ್ಯೆಯಾಗಿದ್ದರು. ಅವರ ಎರಡನೆಯ ಅವಧಿಯಲ್ಲಿ ಉಪಸಭಾಪತಿಯ ಪೀಠದಲ್ಲಿದ್ದವರು ವಯೊಲೆಟ್ ಆಳ್ವ, ಉತ್ತರ ಕನ್ನಡವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ ಜೋಕಿಂ ಆಳ್ವರ ಪತ್ನಿ. ಕಡಿಮೆ ಸಂಖ್ಯೆಯಲ್ಲಿದ್ದರೂ ಆ ಸದನದ ಹೆಂಗಸರು ಸಾಧಾರಣರಾಗಿರಲಿಲ್ಲ. ಆದರೂ ಅನೀಸ್ 1982ರಲ್ಲಿ ತೀರಿಕೊಂಡ ಮೇಲೆ ಅವರನ್ನು ಬದುಕಿಸಿಟ್ಟದ್ದು ಸದನದ ಕಡತಗಳಲ್ಲ. 1998ರಲ್ಲಿ ಊರ್ವಶಿ ಬುಟಾಲಿಯಾ ಒಂದು ಕಡೆ, ರಿತು ಮೆನನ್ ಮತ್ತು ಕಮಲಾ ಭಾಸಿನ್ ಇನ್ನೊಂದು ಕಡೆ ವಿಭಜನೆಯ ಹೆಂಗಸರ ಚರಿತ್ರೆ ಬರೆದಾಗ ಈ ಪುಸ್ತಕದ ಬೆಲೆ ದೇಶಕ್ಕೆ ತಿಳಿಯಿತು. 2011ರಲ್ಲಿ ಮೊಮ್ಮಗಳು ಆಯೇಷಾ ಕಿದ್ವಾಯಿ ಅದನ್ನು ಇಂಗ್ಲಿಷಿಗೆ ತಂದರು.

ಕನ್ನಡದ ಓದುಗರಿಗೆ ಈ ಹುಡುಗಿಯರು ಪೂರ್ತಿ ಅಪರಿಚಿತರೇನಲ್ಲ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳನ್ನು ನೆನೆಯಿರಿ. ಅಲ್ಲಿ ದೇಶ ವಿಭಜನೆಯಿಲ್ಲ, ಪೊಲೀಸರಿಲ್ಲ. ಅಪ್ಪ, ಗಂಡ ಮತ್ತು ಊರಿನ ಜಮಾಅತ್ ಸೇರಿ ಅವಳು ಯಾರ ಮನೆಯಲ್ಲಿರಬೇಕೆಂದು ತೀರ್ಮಾನಿಸುತ್ತಾರೆ, ಅವಳನ್ನು ಕೇಳುವವರಿಲ್ಲ. ಸಾರಾ ಅವರನ್ನು ನಮ್ಮವರು ಹೇಗೆ ನಡೆಸಿಕೊಂಡರೆಂಬುದು ಈ ಪುಟಗಳ ಓದುಗರಿಗೆ ಗೊತ್ತಿರುವ ಸಂಗತಿ.

ನಾವು ಅನೀಸ್ ಅವರ ಕೆಲವು ಪುಟಗಳನ್ನು ಕನ್ನಡಕ್ಕೆ ತರಲು ಒಂದೆರಡು ಸಲ ಕುಳಿತದ್ದುಂಟು. ‘ಮಗ್ವಿಯಾ’ ಎಂಬ ಶಬ್ದಕ್ಕೆ ‘ಅಪಹೃತೆ’ ಎಂದು ಬರೆದರೆ ಕೋರ್ಟಿನ ವಾಸನೆ ಹೊಡೆಯುತ್ತದೆ. ‘ಎಳೆದೊಯ್ದವಳು’ ಎಂದರೆ ಎಳೆದದ್ದು ಅವಳೇ ಎಂದಾಗುತ್ತದೆ. ಅದಕ್ಕಿಂತ ತೊಡಕು ಕೊಟ್ಟದ್ದು ‘ಬರಾಮದ್’. ಆಗಿನ ಉರ್ದುವಿನಲ್ಲಿ ಹುಡುಗಿ ಪತ್ತೆಯಾದರೆ ‘ಬರಾಮದ್’ ಆದಳು ಎನ್ನುತ್ತಿದ್ದರು. ಕಳ್ಳನ ಮನೆಯಲ್ಲಿ ಒಡವೆ ಸಿಕ್ಕರೂ ಅದೇ ಶಬ್ದ. ನಮ್ಮ ಠಾಣೆಗಳ ಕನ್ನಡದಲ್ಲಿ ಇದಕ್ಕೆ ‘ವಶಪಡಿಸಿಕೊಳ್ಳಲಾಯಿತು’ ಎನ್ನುತ್ತಾರೆ. ಹುಡುಗಿಯ ಮುಂದೆ ಆ ಕ್ರಿಯಾಪದ ಹಾಕಲು ಕೈ ಬರಲಿಲ್ಲ, ‘ರಕ್ಷಿಸಲಾಯಿತು’ ಎಂದು ಬರೆದರೆ ಒಲ್ಲೆನೆಂದು ಅತ್ತವಳಿಗೆ ಸುಳ್ಳು ಹೇಳಿದಂತಾಗುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ಆ ಸಾಲಿನ ಜಾಗ ಇನ್ನೂ ಖಾಲಿಯಿದೆ.